ಲ್ಯಾಮಿಂಗ್ಟನ್ ರೋಡಿನಲ್ಲಿ ಐಫೋನ್ 12ರ ಸ್ಕ್ರೀನ್ ಹಾಕಿಸಿದೆ. ಈಗ 'ಅನ್‌ನೋನ್ ಪಾರ್ಟ್' ಎಂದು ಬರುತ್ತಿದೆ, ಸುತ್ತಲಿನ ಬೆಳಕಿಗೆ ತಕ್ಕಂತೆ ಸ್ಕ್ರೀನಿನ ಬಣ್ಣ ಹೊಂದಿಸುವ ಟ್ರೂ ಟೋನ್ ಕೂಡ ಇಲ್ಲ. ಅಂಗಡಿಯವರು ನಕಲಿ ಹಾಕಿದರೇ?

ಇಷ್ಟರಿಂದಲೇ ನಕಲಿ ಎನ್ನಲಾಗದು. ಇನ್ನೊಂದು ಐಫೋನಿನಿಂದ ಬಿಚ್ಚಿದ ಅಸಲಿ ಸ್ಕ್ರೀನಿಗೂ ಈ ಸೂಚನೆ ಬರಬಹುದು. ಸ್ಕ್ರೀನಿನ ಗುರುತನ್ನು ಕಂಪನಿ ಮದರ್‌ಬೋರ್ಡಿಗೆ ಜೋಡಿಸಿಟ್ಟಿರುತ್ತದೆ; ಅದು ತಾಳೆಯಾಗದಿದ್ದರೆ ಟ್ರೂ ಟೋನ್ ಮಾಯ.

ಫೋನಿನಲ್ಲಿ ಐಒಎಸ್ 18 ಅಥವಾ ಅದಕ್ಕಿಂತ ಹೊಸದಿದ್ದರೆ ಸೆಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ 'ಪಾರ್ಟ್ಸ್ ಆ್ಯಂಡ್ ಸರ್ವಿಸ್ ಹಿಸ್ಟರಿ' ನೋಡಿ. ಸ್ಕ್ರೀನ್ ಅಸಲಿಯಾದರೆ ಅಲ್ಲೇ ರಿಪೇರಿ ಅಸಿಸ್ಟೆಂಟ್ ಓಡಿಸಿ ಹೊಂದಿಸಬಹುದು. ಅದಾಗದಿದ್ದರೆ ಒಡೆದ ಹಳೆ ಸ್ಕ್ರೀನ್ ಬೇಕು: ಅದರ ಚಿಪ್‌ನ ಡೇಟಾವನ್ನು ಪ್ರೋಗ್ರಾಮರ್ ಎಂಬ ಸಾಧನದಿಂದ ಓದಿ ಹೊಸದಕ್ಕೆ ಬರೆದರೆ ಟ್ರೂ ಟೋನ್ ಸಾಮಾನ್ಯವಾಗಿ ಮರಳುತ್ತದೆ, ಸೂಚನೆ ಉಳಿಯಬಹುದು. ಹಾಗಾಗಿ ಹಳೆ ಸ್ಕ್ರೀನನ್ನು ಅಂಗಡಿಯಲ್ಲಿ ಬಿಟ್ಟು ಬರಲೇಬೇಡಿ.

ಫೇಸ್ ಐಡಿ ನಡೆಯುತ್ತಿದೆಯೇ ಎಂದು ಕೂಡಲೇ ಪರೀಕ್ಷಿಸಿ. ಐಫೋನ್ ಎಕ್ಸ್‌ನಿಂದ 12ರವರೆಗೆ ಇಯರ್‌ಪೀಸ್ ಇರುವ ತೆಳು ಫ್ಲೆಕ್ಸನ್ನು (ಬಾಗುವ ಪಟ್ಟಿಯಂಥ ಕೇಬಲ್) ಹಳೆ ಸ್ಕ್ರೀನಿನಿಂದಲೇ ಬಿಡಿಸಿ ಕೂರಿಸಬೇಕು. ಬಿಸಿ ಮಾಡದೆ ಎಳೆದರೆ ಅದು ಹರಿಯುತ್ತದೆ, ಬೇರೆ ಫ್ಲೆಕ್ಸ್ ಹಾಕಿದರೂ ಫೇಸ್ ಐಡಿ ಬರುವುದಿಲ್ಲ.

ಕಂಪನಿಗಳು ಇದಕ್ಕೆಲ್ಲ ಸುರಕ್ಷತೆಯ ಕಾರಣ ಕೊಡುತ್ತವೆ. ಫೇಸ್ ಐಡಿಗೆ ಆ ಮಾತು ಸರಿ. ಆದರೆ ಟ್ರೂ ಟೋನ್ ಬರೀ ಬಣ್ಣದ ಹೊಂದಾಣಿಕೆ, ಅದನ್ನು ತಡೆಯುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಇಂಥ ಜೋಡಣೆಗೆ ಕಾನೂನಿನ ತಡೆ ಹಾಕಿತು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ತೆರೆದಿದೆ. ಬಿಲ್ಲಿನಲ್ಲಿ 'ಒರಿಜಿನಲ್' ಎಂದು ಬರೆದು ನಕಲಿ ಹಾಕಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡಿ.