ಬಾಯಿಮಾತಿನ ‘ಇಲ್ಲ’ಕ್ಕೆ ಅಪೀಲು ಇಲ್ಲ

ಓದುಗರ ಪ್ರಶ್ನೆ, ಕಾನೂನು ಉತ್ತರ: ಅಂಗವೈಕಲ್ಯ ಮತ್ತು ಆರೋಗ್ಯ ಸೌಲಭ್ಯ

ಪ್ರಶ್ನೆ: ಬೈಕ್ ಅಪಘಾತದಲ್ಲಿ ನನ್ನ ತಮ್ಮನ ಎಡಗಾಲು ಜಖಂ ಆಗಿ, ಬಲಗಣ್ಣು ಪೂರ್ತಿ ಹೋಯಿತು. ಮೆಡಿಕಲ್ ಬೋರ್ಡಿನಲ್ಲಿ ಕಾಲು ಮಾತ್ರ ನೋಡಿ ಶೇ. 30 ಎಂದು ಬರೆದರು. ಕಣ್ಣಿನ ವಿಷಯ ಹೇಳಿದರೆ ‘ಒಂದು ಕಣ್ಣಿಗೆ ಏನೂ ಸಿಗುವುದಿಲ್ಲ’ ಎಂದರು. ಶೇ. 40 ಇಲ್ಲವೆಂದು ಪಂಚಾಯತಿನಲ್ಲಿ ಪಿಂಚಣಿ ಅರ್ಜಿಯೂ ತಿರಸ್ಕಾರವಾಯಿತು. ಇನ್ನೇನಾದರೂ ದಾರಿ ಇದೆಯೇ? (ಪೆರ್ಲ)

ಉತ್ತರ: ಇದೆ. ನಿಮ್ಮ ತಮ್ಮನ ಕಡೆ ಬಲವಾದ ನ್ಯಾಯವೂ ಇದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಕೇಂದ್ರದ ಮಾರ್ಗಸೂಚಿಯಂತೆ ಶೇ. 30 ವೈಕಲ್ಯ. ಅದೊಂದರಿಂದ 40 ಮುಟ್ಟುವುದಿಲ್ಲ, ನಿಜ. ಆದರೆ ಒಬ್ಬರಿಗೆ ಎರಡು ತೊಂದರೆ ಇದ್ದಾಗ ಎರಡನ್ನೂ ಅಳೆದು ಸೇರಿಸಬೇಕು. ಹಾಗೆಂದು ಬರೇ ಕೂಡಿಸಿ 60 ಎಂದು ವಾದಿಸಬೇಡಿ, ಅಲ್ಲಿಗೇ ನಿಮ್ಮ ಮಾತು ಬಿದ್ದುಹೋಗುತ್ತದೆ. ಸೂತ್ರ ಹೀಗಿದೆ: ದೊಡ್ಡ ಅಂಕಿಯನ್ನು 90ರಿಂದ ಕಳೆಯಿರಿ, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಿ. ನಿಮ್ಮ ತಮ್ಮನಿಗೆ 90ರಲ್ಲಿ 30 ಕಳೆದರೆ 60, ಅದನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 20, ಒಟ್ಟು ಶೇ. 50. ಪಿಂಚಣಿಗೂ ಹೆಚ್ಚಿನ ಸೌಲಭ್ಯಗಳಿಗೂ ಬೇಕಾದ ಶೇ. 40 ದಾಟಿತು.

ಎಲ್ಲಿ ತಪ್ಪಿರಬಹುದೆಂದು ಮೊದಲು ನೋಡಿ. ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ತುಂಬುವಾಗ ಚಲನವೈಕಲ್ಯ ಒಂದನ್ನೇ ಗುರುತು ಹಾಕಿದ್ದರೆ ಎಲುಬಿನ ವೈದ್ಯರು ಮಾತ್ರ ನೋಡಿ ಕಳಿಸುತ್ತಾರೆ. ಅರ್ಜಿಯ ಪ್ರಿಂಟ್ ತೆಗೆಸಿ ಓದಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಬೋರ್ಡಿನ ತೀರ್ಮಾನದ ಮೇಲೆ ಅಪೀಲು ಹಾಕಬಹುದು. ಅವಧಿ 90 ದಿನ, ಲೆಕ್ಕ ತೀರ್ಮಾನದ ದಿನಾಂಕದಿಂದ. ಸರ್ಟಿಫಿಕೇಟಿನ ಪ್ರತಿ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ವರದಿ ಮತ್ತು ಎರಡೂ ಕಣ್ಣುಗಳ ದೃಷ್ಟಿಯನ್ನು ಬೇರೆಬೇರೆಯಾಗಿ ಬರೆದ ಕಣ್ಣಿನ ವೈದ್ಯರ ಚೀಟಿ ಲಗತ್ತಿಸಿ. ‘ಕಣ್ಣನ್ನು ಅಳೆದಿಲ್ಲ, ಎರಡನ್ನೂ ಸೇರಿಸಿ ಲೆಕ್ಕ ಮಾಡಿಲ್ಲ’ ಎಂಬ ಒಂದೇ ಅಂಶದ ಮೇಲೆ ಅಪೀಲು ನಿಲ್ಲಲಿ. ಬಡತನ, ಮನೆಯ ಕಷ್ಟ ಎಲ್ಲ ನಿಜವೇ, ಆದರೆ ಅಪೀಲು ಕೇಳುವವರು ನೋಡುವುದು ಅಳತೆಯನ್ನು. ನಿಮ್ಮ ಮಾತು ಕೇಳದೆ ಅಪೀಲು ತೀರ್ಮಾನಿಸುವಂತಿಲ್ಲ. 90 ದಿನ ಮೀರಿದ್ದರೆ ಕಣ್ಣನ್ನೂ ಸೇರಿಸಿ ಹೊಸ ಅರ್ಜಿ ಕೊಡಿ.

ಇನ್ನೊಂದು ಮಾತು. ‘ಏನೂ ಸಿಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಅದು ಆದೇಶವಲ್ಲ. ಅರ್ಹತೆ ಇಲ್ಲವೆಂದಾದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಪರೀಕ್ಷೆಯ ದಾಖಲೆಯ ಪ್ರತಿ ಕೇಳಿ: 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಸಾಕು, 30 ದಿನದೊಳಗೆ ಉತ್ತರ ಬರಬೇಕು. ಆ ಉತ್ತರಕ್ಕಾಗಿ ಕಾದು 90 ದಿನ ಕಳೆದುಕೊಳ್ಳಬೇಡಿ, ಅಪೀಲು ಹಾಕಿಯೇ ಕೇಳಿ.

ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಕಾಸರಗೋಡು ವಿದ್ಯಾನಗರದ ಜಿಲ್ಲಾ ನ್ಯಾಯಾಲಯ ಸಂಕೀರ್ಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಗಳಿಗೆ 19 ವರ್ಷ, ಬುದ್ಧಿಬೆಳವಣಿಗೆ ಕಡಿಮೆ. ಎಂಡೋಸಲ್ಫಾನ್ ಪಟ್ಟಿಯಲ್ಲಿ ಹೆಸರಿದೆ, 5 ಲಕ್ಷವೂ ಬಂದಿದೆ. ಇನ್ನು ಬೇರೆ ವೈಕಲ್ಯದ ಸರ್ಟಿಫಿಕೇಟ್ ಯಾಕೆ ಎನ್ನುತ್ತಾರೆ. (ಎಣ್ಮಕಜೆ)

ಉತ್ತರ: ಬೇಕೇ ಬೇಕು ಅಮ್ಮ. ಆ 5 ಲಕ್ಷ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸಿದ್ದಕ್ಕೆ ಪರಿಹಾರ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಕೊಡಿ ಎಂದಿತ್ತು. ಐದು ವರ್ಷ ಕಳೆದರೂ ಹೆಚ್ಚಿನವರ ಕೈಗೆ ಬಂದಿರಲಿಲ್ಲ. ಕೋರ್ಟಿಗೆ ಹೋದ ಎಂಟು ಮಂದಿಗೆ ಮಾತ್ರ ಮೊದಲು ಹಣ ಕೊಟ್ಟಿದ್ದನ್ನು 2022ರ ಮೇಯಲ್ಲಿ ಅದೇ ಕೋರ್ಟ್ ಕಟುವಾಗಿ ಟೀಕಿಸಿತು. ಅದು ಆದ ನಷ್ಟಕ್ಕೆ ಬಂದ ಹಣ. ಮುಂದೆ ಅಂಗವೈಕಲ್ಯದ ಪಿಂಚಣಿ, ವಿಮೆ ಬರುವುದು ವೈಕಲ್ಯದ ಸರ್ಟಿಫಿಕೇಟಿನ ಮೇಲೆ. ಪರಿಹಾರ ಸಿಕ್ಕಿದೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ.

ಸರ್ಟಿಫಿಕೇಟ್ ಆದ ಮೇಲೆ ‘ನಿರಾಮಯ’ ವಿಮೆಗೆ ಸೇರಿಸಿ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಇರುವ ವಿಮೆ. ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲ, ಒಪಿ ಚಿಕಿತ್ಸೆ ಮತ್ತು ಥೆರಪಿಗೂ ಪಾಲಿದೆ. ಪ್ರತಿ ವರ್ಷ ನವೀಕರಿಸಬೇಕು. ಔಷಧದ ಬಿಲ್ಲಿನ ಜೊತೆ ವೈದ್ಯರ ಚೀಟಿ ಇಟ್ಟುಕೊಳ್ಳಿ.

18 ದಾಟಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. ಬ್ಯಾಂಕಿನವರು ಸಹಿಗೆ ತಡೆ ಹಾಕುವುದು ಈ ಕಾರಣಕ್ಕೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾ ಮಟ್ಟದ ಲೋಕಲ್ ಲೆವೆಲ್ ಕಮಿಟಿಗೆ ಕಲೆಕ್ಟರೇಟಿನಲ್ಲಿ ಅರ್ಜಿ ಕೊಟ್ಟು ನೇಮಕಪತ್ರ ಪಡೆಯಿರಿ. ಹಣ ಸಿಕ್ಕಿಬಿದ್ದ ಮೇಲೆ ಓಡಾಡುವುದಕ್ಕಿಂತ ಈಗಲೇ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ಅಪ್ಪ ಹಾಸಿಗೆ ಹಿಡಿದಿದ್ದಾರೆ. ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ಬೆರಳಚ್ಚಿನಿಂದ ಖಚಿತಪಡಿಸುವುದು) ಆಗದೆ ಪಿಂಚಣಿ ನಿಂತಿತು. (ಕುಂಬಳೆ)

ಉತ್ತರ: ಅವರನ್ನು ಹೊತ್ತುಕೊಂಡು ಹೋಗಬೇಡಿ. ಅಕ್ಷಯ ಕೇಂದ್ರಕ್ಕೆ ತಿಳಿಸಿದರೆ ಮನೆಗೆ ಬಂದು ಮಾಡುತ್ತಾರೆ. ಬೆರಳಚ್ಚು ಹಿಡಿಯದಿದ್ದರೆ ಪಂಚಾಯತಿಗೆ ಲೈಫ್ ಸರ್ಟಿಫಿಕೇಟ್ ಕೊಡಬಹುದು. ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ.

ಪ್ರಶ್ನೆ: ಕನ್ನಡದಲ್ಲಿ ಬರೆದ ಅರ್ಜಿಯನ್ನು ಕಚೇರಿಯೊಂದರಲ್ಲಿ ‘ಮಲಯಾಳಂನಲ್ಲಿ ತನ್ನಿ’ ಎಂದು ಹಿಂದಕ್ಕೆ ಕೊಟ್ಟರು. (ಮಂಜೇಶ್ವರ)

ಉತ್ತರ: ಹಿಂದಕ್ಕೆ ತರಬೇಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರ ವ್ಯವಹಾರ ಮಾಡುವ ಹಕ್ಕು ಕೇರಳದ 1969ರ ಭಾಷಾ ಕಾಯ್ದೆಯಿಂದಲೇ ಬಂದದ್ದು. ಕೌಂಟರಿನಲ್ಲಿ ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಆಮೇಲೂ ಸುಮ್ಮನಿದ್ದರೆ ತಿರುವನಂತಪುರದ ಅಂಗವಿಕಲರ ರಾಜ್ಯ ಕಮಿಷನರರಿಗೆ ಅಂಚೆಯಲ್ಲೇ ದೂರು ಕೊಡಿ. ಸಿವಿಲ್ ಕೋರ್ಟಿನಂತೆ ಅಧಿಕಾರಿಗಳನ್ನು ಕರೆಸುವ ಅಧಿಕಾರ ಅವರಿಗಿದೆ. ಅವರ ಶಿಫಾರಸಿನ ಮೇಲೆ ಏನು ಮಾಡಿದೆವೆಂದು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು.

ನಮ್ಮ ಭಾಗದಲ್ಲಿ ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗ್, ರೇಷನ್ ಕಾರ್ಡಿನ ಮಲಯಾಳಂನಲ್ಲಿ ಇನ್ನೊಂದು, ಆಸ್ಪತ್ರೆಯ ಚೀಟಿಯಲ್ಲಿ ಇನಿಶಿಯಲ್ ಹಿಂದುಮುಂದು. ಅರ್ಜಿಯಲ್ಲಿ ಆಧಾರಿನಂತೆಯೇ ಬರೆಯಿರಿ. ಉಳಿದ ದಾಖಲೆಗಳಲ್ಲಿ ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ಹೇಳುವ ‘ವನ್ ಆಂಡ್ ಸೇಮ್’ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಮಾಡಿಸಿ ಜೊತೆಗಿಡಿ.