ಹೃದಯದ ತುಂಬಾ ರಕ್ತ ಇರುವಾಗ ಹೃದಯಕ್ಕೇ ರಕ್ತ ಸಾಲದಾ?

ಪ್ರಶ್ನೆ: ನಮ್ಮದು ಗದಗ. ಅಪ್ಪನಿಗೆ 58 ವರ್ಷ. ಊಟ ಆದಮೇಲೆ ಸ್ವಲ್ಪ ಜೋರಾಗಿ ನಡೆದರೆ ಎದೆ ಹಿಡಿದುಕೊಳ್ಳುತ್ತದೆ, ನಿಂತರೆ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಂ ಮಾಡಿಸಿದೆವು. ಬ್ಲಾಕ್ ಇದೆ, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅಂದರು. ಅಪ್ಪ ಮಾತ್ರ, "ಇಡೀ ಮೈಗೆ ರಕ್ತ ಕಳಸೋದ ಹೃದಯ, ಅದಕ್ಕ ರಕ್ತ ಕಡಿಮಿ ಬೀಳತೈತೇನು? ಇದು ಗ್ಯಾಸ್" ಅಂತ ಗುಳಿಗೆ ಬಿಟ್ಟು ಕೂತಿದ್ದಾರೆ. ಏನು ಹೇಳಲಿ?

ಉತ್ತರ: ಅಪ್ಪನವರ ಪ್ರಶ್ನೆ ಬಹಳ ಚಲೋ ಇದೆ. ಗುಳಿಗೆ ಬಿಟ್ಟದ್ದು ಮಾತ್ರ ತಪ್ಪು. ಮೊದಲು ಅವರ ಡಾಕ್ಟರಿಗೆ ಫೋನ್ ಮಾಡಿ, ಆಮೇಲೆ ಇದನ್ನು ಓದಿ.

ಹೃದಯದಲ್ಲಿ ನಾಲ್ಕು ಕೋಣೆ. ಮೈಯೆಲ್ಲ ಸುತ್ತಿ ಆಕ್ಸಿಜನ್ ಕಡಿಮೆಯಾದ ರಕ್ತ ಬಲಗಡೆಗೆ ಬರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಆಕ್ಸಿಜನ್ ತುಂಬಿಕೊಂಡು ಎಡಗಡೆಗೆ ಬರುತ್ತದೆ, ಎಡಗಡೆಯ ಕೆಳಕೋಣೆ ಅದನ್ನು ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ಅಂದರೆ ಮಹಾಧಮನಿಗೆ ನೂಕುತ್ತದೆ. ಸುಮ್ನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್! ಆದರೆ ಆ ಕೋಣೆಯ ಗೋಡೆ ಹತ್ತಿರಹತ್ತಿರ 1 ಸೆಂಟಿಮೀಟರ್ ದಪ್ಪದ ಗಟ್ಟಿ ಸ್ನಾಯು. ಒಳಗಿನ ರಕ್ತದ ಆಕ್ಸಿಜನ್ ಒಳಮೈಯ ತೆಳು ಪದರ ದಾಟಿ ಮುಂದೆ ಹೋಗುವುದಿಲ್ಲ. (ಕಪ್ಪೆಗೆ ಈ ತಾಪತ್ರಯ ಇಲ್ಲ. ಅದರ ಹೃದಯದ ಗೋಡೆ ಸಡಿಲ, ಸಂದುಗೊಂದುಗಳಲ್ಲಿ ಒಳಗಿನ ರಕ್ತವೇ ಓಡಾಡುತ್ತದೆ.) ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ ಮೇಲೆ ಮನೆ ಇದ್ದರೂ ಕುಡಿಯುವ ನೀರು ಮಲಪ್ರಭೆಯಿಂದ ಪೈಪಿನಲ್ಲೇ ಬರಬೇಕು, ಅಲ್ವಾ? ಹಾಗೆಯೇ ಇದು.

ಆ ಪೈಪುಗಳೇ ಕರೋನರಿ ನಾಳಗಳು. ಮಹಾಧಮನಿ ಶುರುವಾಗುವಲ್ಲೇ, ಕವಾಟದ ಸ್ವಲ್ಪ ಮೇಲೆ, ಎರಡು ನಾಳ ಕವಲೊಡೆಯುತ್ತವೆ. ಅಗಲ 3-4 ಮಿಲಿಮೀಟರ್ ಅಷ್ಟೇ. ಹೃದಯದ ಹೊರಮೈ ಮೇಲೆ ಹರಡಿಕೊಂಡು ಅಲ್ಲಿಂದ ಸ್ನಾಯುವಿನೊಳಗೆ ಇಳಿಯುತ್ತವೆ. ಆ 5 ಲೀಟರಿನಲ್ಲಿ ಹೃದಯ ತನಗಂತ ಇಟ್ಟುಕೊಳ್ಳುವುದು ಸುಮಾರು 250 ಮಿಲಿಲೀಟರ್.

ಇನ್ನೊಂದು ವಿಚಿತ್ರ ಇದೆ. ಹೃದಯ ಹಿಂಡಿಕೊಂಡಾಗ ತನ್ನ ಗೋಡೆಯೊಳಗಿನ ನಾಳಗಳನ್ನು ತಾನೇ ಅದುಮಿಬಿಡುತ್ತದೆ, ಹಾಗಾಗಿ ಎಡಗೋಡೆಗೆ ರಕ್ತ ಸಿಗುವುದು ಜಾಸ್ತಿ ಅದು ಸಡಿಲಾದಾಗಲೇ. ಜೋರಾಗಿ ನಡೆದರೆ ಬಡಿತ ಏರುತ್ತದೆ, ಈ ಸಡಿಲ ಹೊತ್ತು ಕಡಿಮೆಯಾಗುತ್ತದೆ. ಕೆಲಸ ಹೆಚ್ಚಾಗುವುದೂ ಆಗಲೇ. ಮೈಯ ಬೇರೆ ಭಾಗಗಳು ರಕ್ತದಿಂದ ಕಾಲು ಭಾಗ ಆಕ್ಸಿಜನ್ ತೆಗೆದುಕೊಂಡರೆ ಹೃದಯ ಕೂತಲ್ಲೇ ಮುಕ್ಕಾಲಿನ ಹತ್ತಿರ ತೆಗೆದುಕೊಂಡಿರುತ್ತದೆ, ಹಾಗಾಗಿ ಇನ್ನಷ್ಟು ಬೇಕಂದರೆ ರಕ್ತವೇ ಜಾಸ್ತಿ ಬರಬೇಕು. ಆ ಕರೋನರಿ ನಾಳದಲ್ಲೇ ಬ್ಲಾಕ್ ಇದ್ದರೆ ಎಲ್ಲಿಂದ ಬರುತ್ತದೆ? ಊಟ ಆಗಿದ್ದರೆ ಹೊಟ್ಟೆಗೂ ಹೆಚ್ಚು ರಕ್ತ ಬೇಕು, ಆ ಭಾರವೂ ಹೃದಯದ ಮೇಲೆಯೇ. ನಡೆದಾಗ ಬಂದು ನಿಂತರೆ ಹೋಗುವ ಎದೆ ಹಿಡಿತ ಅಂದರೆ ಇದೇ. ಗ್ಯಾಸಿಗೆ ನೀವು ನಡೆದಿರೋ ನಿಂತಿರೋ ಅನ್ನುವ ಲೆಕ್ಕ ಇರುವುದಿಲ್ಲ.

ಕೂತಲ್ಲೇ ಎದೆ ಹಿಡಿದುಕೊಂಡು ಬಿಡದಿದ್ದರೆ, ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಏರಿದರೆ ಸೋಡಾ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ನೋವೇ ಇಲ್ಲದೆ ಬರೀ ದಮ್ಮು ಹತ್ತಬಹುದು, ಅದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ.