ಅಮ್ಮನಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಕ್ಕಳಿಗೂ ಬರುತ್ತಾ?

ಬಂದೇ ಬರುತ್ತದೆ ಅಂತೇನಿಲ್ಲ. ಸಾಮಾನ್ಯವಾಗಿ 100 ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ, ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಅನುಮಾನ ಹುಟ್ಟಿಸುವ ಈ ಮಾನಸಿಕ ಕಾಯಿಲೆ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಅದು 100ಕ್ಕೆ 10ರ ಆಸುಪಾಸು. ಅಂದರೆ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ.

ತಾಯಿ ಸಾಕಿದ ರೀತಿಯಿಂದಲೇ ಇದು ಬರುತ್ತದೆ ಅಂತ ಒಂದು ಕಾಲದಲ್ಲಿ ಮನೋವೈದ್ಯರೇ ಹೇಳುತ್ತಿದ್ದರು. ಎಷ್ಟು ತಾಯಂದಿರು ಸುಮ್ನೆ ಆ ಅಪವಾದ ಹೊತ್ತರೋ! ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿನ ಒರೆಗಾನ್ ರಾಜ್ಯದಲ್ಲಿ ಕಾಯಿಲೆಯಿದ್ದ ತಾಯಂದಿರಿಗೆ ಹುಟ್ಟಿ, ಮೂರೇ ದಿನದೊಳಗೆ ಅವರಿಂದ ದೂರವಾಗಿ ಬೆಳೆದ 47 ಮಕ್ಕಳನ್ನು ದೊಡ್ಡವರಾದ ಮೇಲೆ ಅವರು ಹುಡುಕಿದರು. ಐವರಿಗೆ ಸ್ಕಿಜೋಫ್ರೇನಿಯಾ ಇತ್ತು. ಹೋಲಿಕೆಗೆ ಆರಿಸಿದ್ದ 50 ಜನರಲ್ಲಿ ಒಬ್ಬರಿಗೂ ಇರಲಿಲ್ಲ.

ಹಾಗಂತ ಎಲ್ಲವೂ ಜೀನ್‌ನಿಂದಲೇ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಜಾಸ್ತಿ ಇಲ್ಲ. ಇಬ್ಬರದೂ ಒಂದೇ ಜೀನ್ ಅಲ್ವಾ? 2022ರ ದೊಡ್ಡ ಅಧ್ಯಯನವೊಂದು ಡಿಎನ್‌ಎಯಲ್ಲಿ ಈ ಕಾಯಿಲೆಗೆ ನಂಟಿರುವ 287 ಜಾಗಗಳನ್ನು ಗುರುತಿಸಿತು. ಒಂದೊಂದರ ಪಾಲೂ ಚಿಕ್ಕದು. ಹಾಗಾಗಿ ರಕ್ತ ಪರೀಕ್ಷೆ ಮಾಡಿ "ನಿನಗೆ ಬರುತ್ತೆ" ಅಂತ ಹೇಳಲು ಈಗ ಆಗುವುದಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದೇ ಮನೆಯ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಮೇಲೆ ಸಂಶೋಧನೆ ನಡೆದಿದೆ.

ನಿಮ್ಮ ಕೈಯಲ್ಲಿರುವುದೂ ಇದೆ. ಗಾಂಜಾ ಮುಟ್ಟಬೇಡಿ, ಅದರಲ್ಲೂ ಹದಿಹರೆಯದಲ್ಲಿ. ನಿದ್ದೆ ಕೆಟ್ಟು, ಎಲ್ಲರ ಮೇಲೂ ಅನುಮಾನ ಶುರುವಾಗಿ, ಯಾರೂ ಇಲ್ಲದಿದ್ದರೂ ದನಿ ಕೇಳಿಸಿದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ.